ಬೆಂಕಿಗುಡ್ಡ ಹತ್ತಿ ಇಳಿದಾಯ್ತು, ಈಗ ಅಪ್ಪಯ್ಯನ ವಿಷ್ಯ

ಹ್ಯಾಮಿಲ್ಟನ್, ನ್ಯೂಜಿಲೆಂಡ್, ಏಪ್ರಿಲ್ 26, ಶನಿವಾರ

ಪ್ರೀತಿಯ ಆಯಿಗೆ,

ಅಪ್ಪಯ್ಯಂಗೆ, ಅಜ್ಜಿಗೆ ನಮಸ್ಕಾರ. ನಾನು ಆರಾಮ. ಇದನ್ನ ಗಣು ಪ್ರಿಂಟ್ ತೆಗ್ದು ಕೊಡ್ತಾನೆ, ಮೊಬೈಲಲ್ಲಿ ಓದ್ತಾ ಕಣ್ಣು ಹಾಳು ಮಾಡ್ಕೋಬೇಡ. ಫೋನಲ್ಲೇ ಹೇಳ್ಬಹುದಿತ್ತು, ಆದ್ರೆ ನಮ್ಮನೇಲಿ ನೆಟ್‌ವರ್ಕ್ ಸಿಗೋದು ಕೊಟ್ಟಿಗೆ ಮೂಲೇಲಿ ಮಾತ್ರ, ನೀನು ಅಲ್ಲಿ ಹೋಗಿ ನಿಂತು ಒಂದು ಮಾತು ಶುರು ಮಾಡೋದ್ರೊಳಗೆ ಅಪ್ಪಯ್ಯ ಫೋನ್ ಇಸ್ಕೊಂಡು "ಎಂತೂ ಆಜಿಲ್ಲೆ, ಅಡ್ಡಿಲ್ಲೆ, ಅಲ್ಲಿ ಮಳೆ ಇದ್ದಾ?" ಅಂತ ಕೇಳಿ ಇಟ್ಟುಬಿಡ್ತಾನೆ.

ಮೊದ್ಲು ನಿನ್ನ ಸಿಟ್ಟಿಗೆ ಉತ್ತರ. ಹೊಗೆ ಏಳ್ತಾ ಇರೋ ಗುಡ್ಡದ ಮುಂದೆ ಹಲ್ಲು ಕಿಸ್ಕೊಂಡು ನಿಂತ ಫೋಟೋ ಗ್ರೂಪಿಗೆ ಹಾಕಬಾರ್ದಿತ್ತು, ಒಪ್ಕೊಂಡೆ. ಆದ್ರೆ ಅದು ಹೊಗೆ ಅಲ್ಲ ಆಯಿ, ಹಬೆ, ನಮ್ಮ ಬಚ್ಚಲ ಹಂಡೇಲಿ ಬರತ್ತಲ್ಲ ಅಂಥದ್ದೇ. ಈಸ್ಟರ್ ರಜೆ ನಾಲ್ಕು ದಿನ ಸಿಕ್ತು, ಆಫೀಸಿನ ಮೂರು ಜನ ಕಾರಲ್ಲಿ ಹೊರಟಿದ್ರು, ನಾನೂ ಹತ್ಕೊಂಡೆ, ಅಷ್ಟೇ. ಎಲ್ಲಾ ಹುಡ್ಗೀರೇ. (ಇದನ್ನ ಯಾಕೆ ಬರ್ದೆ ಅಂತ ನಿಂಗೆ ಗೊತ್ತಿದೆ. ಜಾತಕದ ವಿಷ್ಯ ಮುಂದಿನ ಪತ್ರದಲ್ಲಿ.)

ಮೊದಲ್ನೇ ದಿನ ರೊಟೊರುವಾ. ಊರಿಗೆ ಕಾಲಿಡ್ತಿದ್ದ ಹಾಗೇ ಗೋಬರ್ ಗ್ಯಾಸ್ ಗುಂಡಿ ಮುಚ್ಚಳ ತೆಗ್ದ ವಾಸನೆ. ಎಲ್ರೂ ಕೊಳೆತ ಮೊಟ್ಟೆ ಅಂತಾರೆ, ನಮ್ಮನೇಲಿ ಮೊಟ್ಟೆ ಎಲ್ಲಿ ಕೊಳೆತಿತ್ತು, ನಂಗೆ ಗುಂಡಿನೇ ನೆನಪಾಗಿದ್ದು, ಎರಡರಲ್ಲೂ ಇರೋದು ಹೈಡ್ರೋಜನ್ ಸಲ್ಫೈಡ್ ಅನ್ನೋ ಒಂದೇ ಗ್ಯಾಸು. ಊರ ನಡುವಿನ ಪಾರ್ಕಲ್ಲೇ ಬೇಲಿ ಹಾಕಿದ ಹೊಂಡಗಳಲ್ಲಿ ಕೆಸರು ಗಂಜಿ ಥರ ಪುಳಕ್ ಪುಳಕ್ ಅಂತ ಕುದೀತಾ ಇರತ್ತೆ, ಜನ ಪಕ್ಕದಲ್ಲೇ ನಾಯಿ ಹಿಡ್ಕೊಂಡು ವಾಕಿಂಗ್ ಹೋಗ್ತಾರೆ. ಇಲ್ಲಿನ ಮೂಲನಿವಾಸಿ ಮಾವೊರಿಗಳ ಹಳ್ಳಿ ಒಂದಿದೆ ಅಲ್ಲಿ, ನೆಲದಿಂದ ಬರೋ ಹಬೆ ಮೇಲೆ ಮರದ ಪೆಟ್ಟಿಗೆ ಇಟ್ಟಿದ್ದಾರೆ, ಅದ್ರೊಳಗೆ ಪಾತ್ರೆ ಇಟ್ಟು ಮುಚ್ಚಿದ್ರೆ ಅಡುಗೆ ಆಯ್ತು, ಜೋಳದ ತೆನೆ ಅಂತೂ ಬಿಸಿನೀರ ಕೊಳದಲ್ಲೇ ಇಳಿಬಿಟ್ಟು ಬೇಯಿಸ್ತಾರೆ. ಸಿಲಿಂಡರ್ ಬುಕ್ ಮಾಡೋ ರಗಳೆ ಇಲ್ಲ. ನೀ ಬಂದಿದ್ರೆ ಅರಿಶಿನ ಎಲೆ ಕಡುಬು ಇಟ್ಟೇ ಬರ್ತಿದ್ದೆ ನೋಡು.

ಇನ್ನೊಂದು ತಮಾಷೆ ಅಜ್ಜಿಗೆ ಹೇಳು. ವಾಯ್-ಓ-ಟಾಪು ಅನ್ನೋ ಕಡೆ ಲೇಡಿ ನಾಕ್ಸ್ ಅಂತ ಒಂದು ಬಿಸಿನೀರ ಬುಗ್ಗೆ, ದಿನಾ ಬೆಳಿಗ್ಗೆ 10.15ಕ್ಕೆ ಚಿಮ್ಮತ್ತೆ. ಎಂಥಾ ಟೈಮ್ ಸೆನ್ಸ್ ಅಂತ ನಾನು ಬಾಯಿ ಬಿಟ್ಕೊಂಡು ಕೂತ್ರೆ ಒಬ್ಬ ಬಂದು ಅದ್ರ ಬಾಯಿಗೆ ಸೋಪಿನ ಪುಡಿ ಸುರಿದ! ನೂರು ವರ್ಷಕ್ಕೂ ಹಿಂದೆ ಕೈದಿಗಳು ಅಲ್ಲಿ ಬಟ್ಟೆ ಒಗೆಯೋಕೆ ಸೋಪು ಹಾಕಿದ್ರಂತೆ, ನೀರು ಎದ್ದು ಬಟ್ಟೆ ಸಮೇತ ಹಾರ್ತಂತೆ. ಸೋಪು ಬಿದ್ರೆ ಮೇಲಿನ ತಣ್ಣೀರೂ ಕೆಳಗಿನ ಕುದಿನೀರೂ ಬೆರೆತು ಉಕ್ಕತ್ತೆ. ಸುಮಾರು ಒಂದು ಅಡಿಕೆ ಮರದಷ್ಟು ಎತ್ತರ ಹೋಯ್ತು. ಇಷ್ಟಕ್ಕೆ ಟಿಕೆಟ್ಟು. ನಮ್ಮ ಸಹಸ್ರಲಿಂಗಕ್ಕೆ ಯಾರೂ ಟಿಕೆಟ್ ಕೇಳಲ್ಲ, ಅದ್ಕೇ ನಮ್ಗೆ ಬೆಲೆ ಇಲ್ಲ ಅನ್ಸತ್ತೆ.

ಆಮೇಲೆ ಟೊಂಗಾರಿರೊ. ನೀ ಹೆದರ್ಕೊಂಡ ಗುಡ್ಡ ಇದೇ. ಸುಮಾರು 20 ಕಿ.ಮೀ. ನಡಿಗೆ, ಬೆಳಿಗ್ಗೆ ಏಳಕ್ಕೆ ಶುರು ಮಾಡಿ ಮೂರೂವರೆಗೆ ಇಳಿದ್ವಿ. ದಾರಿ ತುಂಬಾ ಲಾವಾ ಕಲ್ಲು, ತೂತು ತೂತು, ನೋಡಕ್ಕೆ ಚಿರೆಕಲ್ಲಿನ ಹಾಗೇ, ಎತ್ತಿದ್ರೆ ಹಗುರ. ಒಂದು ಜೇಬಿಗೆ ಹಾಕೋಣ ಅಂದ್ಕೊಂಡೆ, ತೆಗಿಬಾರ್ದಂತೆ, ಬಿಟ್ಟು ಬಂದೆ. ಪಕ್ಕದಲ್ಲೇ ನ್ಗಾರುಹೋಯಿ ಅಂತ 2287 ಮೀಟರಿನ ಶಿಖರ, ಹೊಳಿಗಟ್ಟೆಲಿ ಮರಳು ಸುರಿದ ರಾಶಿ ಥರ ಚೂಪಾಗಿದೆ, ಅದು 1970ರ ದಶಕದ ಆಮೇಲೆ ಸಿಡಿದಿಲ್ಲ. ಅದರ ತುದಿ ಹತ್ತಬೇಡಿ, ಮಾವೊರಿಗಳಿಗೆ ಪವಿತ್ರ ಅಂತ ಕೇಳ್ಕೊಂಡಿದ್ದಾರೆ, ನಾವು ಹತ್ತಲಿಲ್ಲ. ಅಪ್ಪಯ್ಯಂಗೆ ಹೇಳು, ಯಾಣದ ಕಪ್ಪು ಕಲ್ಲು ಭಸ್ಮಾಸುರ ಸುಟ್ಟ ಬೂದಿ ಅಂತ ಅವ್ನು ಎಷ್ಟೇ ವಾದ ಮಾಡಿದ್ರೂ ಅದು ಸುಣ್ಣದ ಕಲ್ಲೇ, ನಿಜವಾದ ಬೂದಿ ಗುಡ್ಡ ನಾನು ನೋಡ್ಕೊಂಡು ಬಂದೆ.

ರೆಡ್ ಕ್ರೇಟರ್ ಅಂತ 1886 ಮೀಟರ್ ಎತ್ತರ, ದಾರೀಲಿ ಅದೇ ಎಲ್ಲಕ್ಕಿಂತ ಮೇಲೆ. ಅಲ್ಲಿಂದ ಜಲ್ಲಿಪುಡಿ ಮೇಲೆ ಜಾರ್ತಾ ಇಳೀಬೇಕು, ಒಂದು ಸಲ ಕುಂಡೆ ಮೇಲೆ ಕೂತೆ, ಪ್ಯಾಂಟು ಹರೀತು, ಮೈಗೆ ಏನೂ ಆಗ್ಲಿಲ್ಲ, ಖಂಡಿತಾ ಏನೂ ಆಗ್ಲಿಲ್ಲ. ಕೆಳಗೆ ಮೂರು ಪುಟ್ಟ ಕೆರೆ. ಆ ಬಣ್ಣ ಹೇಗೆ ಹೇಳ್ಲಿ, ಅಪ್ಪಯ್ಯ ಅಡಿಕೆಗೆ ಹೊಡೆಯೋ ಬೋರ್ಡೋ ಔಷಧಿ ಮಾಡೋಕೆ ಮೈಲುತುತ್ತ ಕರಗಿಸಿಡ್ತಾನಲ್ಲ ನೀಲಿ ಡ್ರಮ್ಮಲ್ಲಿ, ಅದಕ್ಕೆ ಸುಣ್ಣದ ನೀರು ಬೆರೆಸೋಕೆ ಶುರು ಮಾಡಿದಾಗ ಒಂದು ಗಳಿಗೆ ಹಸಿರೂ ಅಲ್ಲ ನೀಲಿನೂ ಅಲ್ಲ ಅನ್ನೋ ಹಾಗೆ ಆಗತ್ತಲ್ಲ, ಥೇಟ್ ಅದು. ಬಿಸಿ ಕಲ್ಲಿಂದ ಖನಿಜ ಇಳಿದು ಹಾಗಾಗೋದು. ಎಲ್ರೂ ಫೋಟೋ ತೆಗೀತಿದ್ರು, ನಾನು ಬ್ರೆಡ್ಡಿಗೆ ಅಪ್ಪೆಮಿಡಿ ಹಚ್ಕೊಂಡು ತಿಂತಾ ಕೂತಿದ್ದೆ, ಡ್ರಮ್ಮು ನೆನಪಾಗಿದ್ದೇ ತಡ ಆ ತುತ್ತು ಗಂಟಲಲ್ಲಿ ಇಳೀಲಿಲ್ಲ.

ಯಾಕಂದ್ರೆ ಗಣು ಎಲ್ಲಾ ಹೇಳಿದಾನೆ. ಅಪ್ಪಯ್ಯ ತೋಟದಿಂದ ಮನೆಗೆ ಹತ್ತೋ ಮೆಟ್ಲಲ್ಲಿ ಮೂರು ಕಡೆ ಕೂತ್ಕೋತಾನಂತೆ, ಕೇಳಿದ್ರೆ ಒಣಎಲೆ ತುಂಬಿದ ದರಕಿನ ಕಲ್ಲಿ ಭಾರ ಇತ್ತು ಅಂತಾನಂತೆ. ಎಡಗೈ ಸೆಳೆತಕ್ಕೆ ನೀಲಗಿರಿ ಎಣ್ಣೆ ಹಚ್ಚಿದ್ದಂತೆ. ಇಸಿಜೀಲಿ ವ್ಯತ್ಯಾಸ ಇದೆ, ಹುಬ್ಬಳ್ಳಿಗೆ ಹೋಗಿ ಎಕೋ, ಟಿಎಮ್‌ಟಿ ಅನ್ನೋ ಹೃದಯದ ಪರೀಕ್ಷೆ ಮಾಡಿಸಿ ಅಂತ ಡಾಕ್ಟ್ರು ಹೇಳಿ ತಿಂಗ್ಳಾಗ್ತಾ ಬಂತು, ಆ ಕಾಗದ ಪಂಚಾಂಗದೊಳಗೆ ಮಡಚಿಟ್ಟಿದ್ನಂತೆ! ಏಕಾದಶಿ ನೋಡಕ್ಕೆ ತೆಗ್ದಾಗ ಗಣುಗೆ ಸಿಕ್ತು. ನಿಂಗೂ ಗೊತ್ತಿತ್ತಾ ಆಯಿ? ಗೊತ್ತಿದ್ದೂ ನಂಗೆ ಬೆಂಕಿಗುಡ್ಡದ ಬಗ್ಗೆ ಬೈದು ಬರ್ದ್ಯಾ?

ಆ ನಡಿಗೇಲಿ ಡೆವಿಲ್ಸ್ ಸ್ಟೇರ್‌ಕೇಸ್ ಅಂತ ಏರು ಶುರುವಾಗೋ ಮುಂಚೆ ದೊಡ್ಡ ಬೋರ್ಡಿದೆ, ನಿಲ್ಲಿ, ಮುಂದೆ ಹೋಗೋಕೆ ನಿಜವಾಗ್ಲೂ ತಯಾರಿದ್ದೀರಾ ಅಂತ. ನಮ್ಮ ಮುಂದೆ ಅಪ್ಪಯ್ಯನ ವಯಸ್ಸಿನ ಒಬ್ರು, ಅವ್ರ ಹೆಂಡ್ತಿ. ಅವ್ರು ಬೋರ್ಡಿನ ಕಂಬ ಹಿಡ್ಕೊಂಡು ಒಂದ್ನಿಮಿಷ ಉಸಿರು ತಗೊಂಡ್ರು, ಹೆಂಡ್ತಿ ಮುಖ ನೋಡಿದ್ರು, ಇಬ್ರೂ ತಿರುಗಿ ವಾಪಸ್ ಹೊರಟ್ರು. ಹೋಗ್ತಾ ನಮ್ಗೆ ಕೈ ಬೀಸಿ ನಕ್ರು ಬೇರೆ. ಮರ್ಯಾದೆ ಹೋಯ್ತು ಅಂತ ಏನೂ ಇಲ್ಲ. ದಾರೀಲಿ ಲೈಟಿನ ಬೋರ್ಡೂ ಇದೆ, ಗುಡ್ಡ ಎದ್ದಿದೆ ಅಂತ ಗೊತ್ತಾದ್ರೆ ಕೆಂಪು ಲೈಟು, ವಾಪಸ್ ಹೋಗ್ಲೇಬೇಕು. 2012ರ ಆಗಸ್ಟಲ್ಲಿ ರಾತ್ರಿ ಹೊತ್ತು ಒಂದು ಬದಿ ಸಿಡಿದು ಅಲ್ಲಿದ್ದ ಗುಡಿಸಲಿನ ಮಾಡು ತೂತು ಬಿದ್ದಿತ್ತು, ಆಮೇಲೆ ಇದೆಲ್ಲ ಹಾಕಿದ್ದು. (ಈ ಸಾಲು ಅಜ್ಜಿಗೆ ಓದಿ ಹೇಳ್ಬೇಡ.)

ಇಲ್ಲಿಂದ ಮುಂದೆ ಅಪ್ಪಯ್ಯಂಗೆ ಗಟ್ಟಿಯಾಗಿ ಓದಿ ಹೇಳು.

ಅಪ್ಪಯ್ಯ, ಮರುದಿನ ನಾವು ಟಾಂಗಿವಾಯ್ ಅನ್ನೋ ಜಾಗಕ್ಕೆ ಹೋಗಿದ್ವಿ, ಹೊಳೆ, ರೈಲು ಸಂಕ, ಸ್ಮಾರಕದ ಕಲ್ಲು, ಬೇರೆ ಏನೂ ಇಲ್ಲ. ಮೇಲೆ ರುವಾಪೆಹು ಅಂತ 2797 ಮೀಟರಿನ ಗುಡ್ಡ, ಅದ್ರ ಬಾಯಲ್ಲೇ ಕೆರೆ. 1945ರಲ್ಲಿ ಅದು ಸಿಡಿದಾಗ ಬಿದ್ದ ಬೂದಿನೇ ಕೆರೆಗೆ ಒಡ್ಡು ಕಟ್ಟಿದ ಹಾಗೆ ಆಗಿತ್ತು, ನೀರು ತುಂಬ್ತಾ ಬಂತು, ಯಾರೂ ಗಮನ ಕೊಡ್ಲಿಲ್ಲ. 1953ರ ಡಿಸೆಂಬರ್ 24ರ ರಾತ್ರಿ ಒಡ್ಡು ಒಡೀತು, ಕೆಸರು ಕಲ್ಲು ಹೊಳೇಲಿ ಬಂದು ಸಂಕದ ಕಂಬ ಅಲುಗಾಡಿಸ್ತು, ಆಗ್ಲೇ ಆಕ್ಲೆಂಡಿಗೆ ಹೊರಟ ರೈಲು ಬಂತು. 151 ಜನ ಸತ್ರು, ಕ್ರಿಸ್‌ಮಸ್ಸಿಗೆ ಮನೆಗೆ ಹೊರಟವ್ರು. ಆಮೇಲೆ 1995–96ರಲ್ಲಿ ಮತ್ತೆ ಸಿಡಿದು ಅಂಥದ್ದೇ ಒಡ್ಡು ಆಯ್ತು, ಈ ಸಲ ಮೇಲೆ ಯಂತ್ರ ಇಟ್ಟು ಕಾದ್ರು. 2007ರ ಮಾರ್ಚ್ 18ಕ್ಕೆ ಒಡೀತು, ಅಲಾರಾಂ ಹೊಡೀತು, ರಸ್ತೆ ರೈಲು ನಿಲ್ಲಿಸಿದ್ರು, ಒಂದು ಜೀವಾನೂ ಹೋಗ್ಲಿಲ್ಲ.

ಈ ಗುಡ್ಡಕ್ಕೆ ಇಲ್ಲಿಯವ್ರು ಹಗಲು ರಾತ್ರಿ ನಾಡಿ ನೋಡ್ತಾರೆ, ಕೆರೆ ನೀರಿನ ಬಿಸಿ ಎಷ್ಟು, ನೆಲ ಎಷ್ಟು ನಡುಗ್ತು ಅಂತ ಬರ್ದಿಡ್ತಾರೆ. ನಿಂದು ಅಲಾರಾಂ ಹೊಡೆದಾಗಿದೆ ಅಪ್ಪಯ್ಯ, ನೀನು ಅದನ್ನ ಪಂಚಾಂಗದೊಳಗೆ ಮುಚ್ಚಿಟ್ಟೆ. ಮಳೆ ಹಿಡಿಯೋಕೆ ಮುಂಚೆ ಮೊದಲ್ನೇ ಔಷಧಿ ಹೊಡೆದು ಮುಗೀಲಿ, ಆಮೇಲೆ ಹುಬ್ಬಳ್ಳಿ ಅಂತಿದೀಯಂತೆ. ಆಮೇಲೆ ಎರಡನೇ ಔಷಧಿ ಬರತ್ತೆ, ಆಮೇಲೆ ಅಡಿಕೆ ಕೊನೆ ಕೊಯ್ಲು. ಕೊನೆಗೌಡ ಬರ್ತಾನೆ, ಮರ ಹತ್ತೋದು ಅವ್ನು, ಔಷಧಿ ಕಲಸೋಕೆ ಗಣು ರಜೆ ಹಾಕಿ ಬರ್ತಾನೆ, ನೀನು ಪೈಪ್ ಎಳೀತಾ ಓಡಾಡೋದು ಬೇಡ. ಸ್ವಲ್ಪ ಅಡಿಕೆ ಕೊಳೆ ಬಂದ್ರೆ ಬರ್ಲಿ.

ದುಡ್ಡಿನ ಯೋಚ್ನೆ ಬೇಡ. ಗಣು ಅಕೌಂಟಿಗೆ ಐವತ್ತು ಸಾವಿರ ಹಾಕಿದೀನಿ, ಸೊಸೈಟಿ ಸಾಲದ ಕಂತು ಬೇರೆ, ಅದು ನಂದೇ, ಈ ದುಡ್ಡನ್ನ ಅದಕ್ಕೆ ಕಟ್ಟಿದ್ರೆ ನಾನು ಮಾತಾಡೋದು ಬಿಡ್ತೀನಿ. ಇಲ್ಲಿ ನಂಗೆ ಖರ್ಚೇ ಇಲ್ಲ, ಊಟ ಮನೇಲೇ, ಬಾಡಿಗೆ ಮೂರು ಜನ ಹಂಚ್ಕೋತೀವಿ, ಚಳಿಗೆ ಹೊಸ ಜಾಕೆಟ್ ತಗೊಂಡಿದೀನಿ, ಕಷಾಯ ಕುಡೀತಿದೀನಿ, ನಿದ್ದೆ ಚೆನ್ನಾಗಿ ಬರತ್ತೆ, ಗುಡ್ಡಕ್ಕೆ ಇನ್ನೊಂದು ವರ್ಷ ಹೋಗಲ್ಲ.

ಆಯಿ, ಅಪ್ಪಯ್ಯಂಗೆ ಪ್ರಯಾಣದ ಸುಸ್ತಾಗಬಾರ್ದು, ಬಸ್ ಬೇಡ, ಕಾರ್ ಮಾಡ್ಸಿ. ಬೆಳಿಗ್ಗೆ ಬೇಗ ಹೊರಟ್ರೆ ಸಂಜೆಗೆ ವಾಪಸ್. ನಾಳೆ ಭಾನುವಾರ ನಿಮ್ಮ ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡ್ತೀನಿ, ಕೊಟ್ಟಿಗೆ ಮೂಲೇಲಿ ನೀನೇ ನಿಂತಿರು, ಅಪ್ಪಯ್ಯನ್ನ ಸ್ನಾನಕ್ಕೆ ಕಳಿಸ್ಬಿಡು. ಬರ್ಯೋದು ಇನ್ನೂ ಇತ್ತು, ಲಾಂಡ್ರಿ ಹಾಕಿದ್ದು ಮುಗೀತು ಅನ್ಸತ್ತೆ, ಹೋಗ್ತೀನಿ.

ನಿನ್ನ ಮಗಳು

ಹೊರಡೋ ದಿನ ಪಂಚಾಂಗದಲ್ಲಿರೋ ಆ ಇಸಿಜಿ ಕಾಗದ ಮರೀಬೇಡಿ, ಅಲ್ಲೂ ಮೊದ್ಲು ಅದನ್ನೇ ಕೇಳ್ತಾರೆ.