ರೋಹಿಣಿಗೆ ಮೊದಲೇ ಸೂರಿನ ದೋಣಿ ನೋಡಿಕೊಳ್ಳಿ

ಮಾನ್ಯ ಸಂಪಾದಕರೇ,

ಮಳೆಗಾಲ ಹತ್ತಿರವಾದಂತೆ ಪತ್ರಿಕೆಯ ತುಂಬ ಗಟಾರದ ದೂರು. ಬೀದಿಯ ಗಟಾರ ಪಾಲಿಕೆಯ ಹೊಣೆ, ಒಪ್ಪೋಣ. ಆದರೆ ಚಾವಣಿಯ ಮಳೆನೀರನ್ನು ಹಿಡಿದು ಕೊಳವೆಗೆ ಹರಿಸುವ ನಮ್ಮದೇ ಸೂರಿನಂಚಿನ ದೋಣಿಯನ್ನು ಗೋಡೆಗೆ ತೇವ ಇಳಿಯುವ ತನಕ ಯಾರೂ ತಲೆಯೆತ್ತಿ ನೋಡುವುದಿಲ್ಲ. ರೋಹಿಣಿ ಮಳೆ ಕೂಡುವುದು ಮೇ 25ರ ಸುಮಾರಿಗೆ. ಅಷ್ಟರೊಳಗೆ, ಕಸ ಒಣಗಿದ್ದಾಗಲೇ ಈ ಕೆಲಸ ಮುಗಿಯಬೇಕು.

1,000 ಚದರ ಅಡಿ ಚಾವಣಿಯ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಸುಮಾರು 4,600 ಲೀಟರ್ ನೀರು. ಕೊಳವೆಯ ಬಾಯಿ ಕಟ್ಟಿದ್ದರೆ ಅದೆಲ್ಲ ಗೋಡೆಗೆ, ಬುನಾದಿಗೆ. ಧಾರವಾಡದ ಮಾಳಮಡ್ಡಿಯಂಥ ಕಡೆಯ ಹಳೇ ಹಂಚಿನ ಮನೆಗಳಲ್ಲಿ ಮೊದಲು ಕೊಳೆಯುವುದು ಅಂಚಿನ ಹಲಗೆ ಮತ್ತು ಜಂತಿಯ ತುದಿ. ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಮೊಟ್ಟೆಯೊಡೆದು ಬೆಳೆದು ಹಾರಲು 8–10 ದಿನ ಸಾಕು.

ಅಪಾಯವಿರುವುದು ಏಣಿಯಲ್ಲಿ. ಅದನ್ನು ದೋಣಿಗೆ ಆನಿಸಿದರೆ ಕ್ಲಾಂಪು ಸಮೇತ ಕಿತ್ತುಬರುತ್ತದೆ. ಗಟ್ಟಿ ಗೋಡೆಗೆ ಆನಿಸಿ, 12 ಅಡಿ ಎತ್ತರಕ್ಕೆ ಬುಡವನ್ನು 3 ಅಡಿ ಆಚೆ ಊರಿ, ತುದಿಯನ್ನು ಕಟ್ಟಿ, ಕೆಳಗೊಬ್ಬರು ಹಿಡಿದಿರಲಿ. ಸೂರು ಬಹಳ ಚಾಚಿದ್ದರೆ ಅಟ್ಟಣಿಗೆಯೇ ಸರಿ. ಎಟುಕದ ಕಸಕ್ಕೆ ಪಕ್ಕಕ್ಕೆ ಬಾಗಿಯೇ ಹೆಚ್ಚಿನವರು ಬೀಳುವುದು. ಬೇಸರವಾದರೂ ಇಳಿದು ಏಣಿ ಸರಿಸಿ. ಸಿಮೆಂಟ್ ಶೀಟಿನ ಮೇಲಂತೂ ಕಾಲಿಡಲೇಬೇಡಿ, ಹಳೆಯದಾದಷ್ಟೂ ಪೆಡಸು.

ಕಂಬದಿಂದ ಮನೆಗೆ ಬರುವ ಹೆಸ್ಕಾಂ ತಂತಿ ಎಷ್ಟೋ ಕಡೆ ದೋಣಿಯ ಪಕ್ಕದಲ್ಲೇ ಹಾದಿರುತ್ತದೆ. ಮನೆಯ ಮೇನ್ ಸ್ವಿಚ್ ತೆಗೆದ ಮಾತ್ರಕ್ಕೆ ಆ ತಂತಿಯ ಕರೆಂಟು ಹೋಗುವುದಿಲ್ಲ. ಅಲ್ಯೂಮಿನಿಯಂ ಏಣಿ ಅಲ್ಲಿ ಬೇಡ. 10 ಅಡಿಯೊಳಗೆ ಕೆಲಸವಿದ್ದರೆ ಲೈನ್‌ಮನ್‌ಗೆ ಹೇಳಿ ಲೈನ್ ತೆಗೆಸಿ.

ಕಸ ಎತ್ತಲು ದಪ್ಪ ಕೈಗವಸು (ಚೇಳಿರಬಹುದು, ಹಂಚಿನ ಚೂರಂತೂ ಇದ್ದೇ ಇರುತ್ತದೆ), ಓರೆಯಾಗಿ ಕತ್ತರಿಸಿದ ಎಣ್ಣೆಯ ಪ್ಲಾಸ್ಟಿಕ್ ಕ್ಯಾನು, ಹಗ್ಗಕ್ಕೆ ಕಟ್ಟಿದ ಬಕೆಟ್ ಸಾಕು. ತಗಡಿನ ದೋಣಿಯನ್ನು ಕರಣಿಯಿಂದ ಕೆರೆದರೆ ಸತುವಿನ ಲೇಪ ಹೋಗಿ ಆ ಗೀರಿನಲ್ಲೇ ತುಕ್ಕು ಹಿಡಿಯುತ್ತದೆ. ಕೊಳವೆ ಕಟ್ಟಿದ್ದರೆ ಮೇಲಿಂದ ಗಳ ಹಾಕಿ ಕುತ್ತಬೇಡಿ; ಕಸ ಕೆಳಗಿನ ಬೆಂಡಿನಲ್ಲಿ ಬಿರಡೆಯ ಹಾಗೆ ಕೂರುತ್ತದೆ. ಬೆಂಡು ಕಳಚಿ ಕೆಳಗಿನಿಂದ ನೀರು ಬಿಡಿ, ಪಕ್ಕಕ್ಕೆ ನಿಂತು.

ಕೊನೆಗೆ ದೂರದ ತುದಿಯಲ್ಲಿ ಒಂದು ಕೊಡ ನೀರು ಸುರಿಯಿರಿ. 10 ಅಡಿಗೆ ಕನಿಷ್ಠ ಕಾಲು ಇಂಚು ಇಳಿಜಾರಿದ್ದರೆ ಹರಿಯುತ್ತದೆ. ನಡುವೆ ನಿಂತರೆ ಅಲ್ಲಿಯ ಕ್ಲಾಂಪು ಜಗ್ಗಿದೆ ಎಂದರ್ಥ. ಎರಡೆರಡು ಅಡಿಗೊಂದು ಕ್ಲಾಂಪು ಇರಲಿ. ಪಿವಿಸಿ ದೋಣಿಯ ರಬ್ಬರ್ ಜಾಯಿಂಟು ಸೋರಿದರೆ ರಬ್ಬರ್ ಬದಲಿಸಬೇಕು, ಪೈಪ್ ಅಂಟಿಸುವ ಸಲ್ಯೂಶನ್ ಹಚ್ಚಿ ಬಿಗಿಯಬಾರದು. 4 ಮೀಟರ್ ತುಂಡು ಬಿಸಿಲಿಗೂ ತಂಪಿಗೂ 5–7 ಮಿ.ಮೀ. ಹಿಗ್ಗಿ ಕುಗ್ಗುತ್ತದೆ, ಜಾಗ ಸಿಗದಿದ್ದರೆ ಸೀಳುತ್ತದೆ.

ಗುಲ್‌ಮೊಹರ್ ಮರದ ಕೆಳಗಿನ ಮನೆಯವರು ದೋಣಿಯ ಮೇಲೆ ಜಾಳಿಗೆ ಹಾಕಿಸಿದೆವೆಂದು ನಿಶ್ಚಿಂತರಾಗಬೇಡಿ. ಅದರ ಚೂರೆಲೆ ಜಾಳಿಗೆಯ ಕಣ್ಣನ್ನೇ ಮುಚ್ಚುತ್ತದೆ. ಅಂಥ ಮನೆಗೆ ಹಿಂಗಾರಿಗೆ ಮುಂಚೆ ಇನ್ನೊಂದು ಸಲ ಏಣಿ ಇಡಲೇಬೇಕು.

– ಕಟ್ಟಡ ದುರಸ್ತಿ ಕೆಲಸದವರು, ಧಾರವಾಡ