ಮತ್ತೆ ಕಂಪನಿ ಬದಲಾಯಿಸಿದ ವಿಷಯ

ಸನ್ನಿವೇಲ್, ಕ್ಯಾಲಿಫೋರ್ನಿಯಾ

ಅಪ್ಪಾ, ನಮಸ್ಕಾರ.

ನಾವೆಲ್ಲ ಕ್ಷೇಮ. ಮೊನ್ನೆ ಫೋನಿನಲ್ಲಿ "ಮತ್ತೆ ಕಂಪನಿ ಬಿಟ್ಟೆಯೇನಮ್ಮಾ?" ಎಂದು ಕೇಳಿ ಸುಮ್ಮನಾದಿರಿ. ನಿಮ್ಮ ಆ ಮೌನ ನನಗೆ ಗೊತ್ತು. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ನೀವು ಭದ್ರಾವತಿ ಕಾರ್ಖಾನೆಗೆ ಸೇರಿದವರು ರಿಟೈರ್ ಆಗಿಯೇ ಹೊರಬಂದಿರಿ. ಉಕ್ಕಿನ ಕೆಲಸ ಬಲ್ಲವರಿಗೆ ಊರಲ್ಲಿ ಇದ್ದದ್ದು ಅದೊಂದೇ ಗೇಟು. ಕೆಲಸ ಬಿಟ್ಟರೆ ಕ್ವಾರ್ಟರ್ಸ್ ಬಿಡಬೇಕು, ಊರೂ ಬಿಡಬೇಕು. ಇಲ್ಲಿ ಚಿಪ್ ಡಿಸೈನ್ ಮಾಡುವ ಕಂಪನಿಗಳು ಸನ್ನಿವೇಲ್, ಸಾಂಟಾ ಕ್ಲಾರಾ, ಸ್ಯಾನ್ ಹೊಸೆ ತುಂಬಾ ಇವೆ. ಕಂಪನಿ ಬದಲಾದರೂ ಮನೆ ಅದೇ, ಪಾಪುವಿನ ಸ್ಕೂಲೂ ಅದೇ. ಫ್ರೀವೇಯಲ್ಲಿ ಎರಡು ಎಕ್ಸಿಟ್ ಮುಂದೆ ಇಳಿಯುತ್ತೇನೆ, ಅಷ್ಟೇ.

ಕಾನೂನೂ ನಮ್ಮ ಕಡೆಗಿದೆ. "ಎದುರಾಳಿ ಕಂಪನಿಗೆ ಸೇರಬಾರದು" ಎಂದು ನೌಕರರಿಂದ ಬರೆಸಿಕೊಂಡರೂ ಈ ರಾಜ್ಯದಲ್ಲಿ ನಡೆಯಲ್ಲ. 1872ರ ಕಾಯ್ದೆ ಅದು! ಕಂಪನಿಯ ಗುಟ್ಟು ಒಯ್ಯುವ ಹಾಗಿಲ್ಲ, ಕಲಿತ ಕಸುಬು ಮಾತ್ರ ನಮ್ಮದು. 1957ರಲ್ಲಿ ಟ್ರಾನ್ಸಿಸ್ಟರ್ ಕಂಡುಹಿಡಿದವರಲ್ಲೊಬ್ಬನಾದ ಶಾಕ್ಲಿಯ ಲ್ಯಾಬಿನಿಂದ ಎಂಟು ಜನ ಒಟ್ಟಿಗೆ ಹೊರಬಿದ್ದು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಟ್ಟಿದರು. ದ್ರೋಹಿಗಳು ಅನ್ನೋ ಹೆಸರೂ ಬಂತು. ಅವರಲ್ಲೇ ಇಬ್ಬರು, ನಾಯ್ಸ್ ಮತ್ತು ಮೂರ್, 1968ರಲ್ಲಿ ಅದನ್ನೂ ಬಿಟ್ಟು ಇಂಟೆಲ್ ಶುರು ಮಾಡಿದರು. ಈಗ ಅವರನ್ನು ಬೈಯೋರು ಯಾರೂ ಇಲ್ಲ.

ಹಾಗಂತ ಯಾವಾಗ ಬೇಕಾದರೂ ಜಿಗಿಯೋಕಾಗಲ್ಲ. 2022ರ ಕೊನೆಗೆ ಲೇಆಫ್ ಜಾಸ್ತಿಯಾದಾಗ ಎಲ್ಲರೂ ಕುರ್ಚಿಗೆ ಅಂಟಿಕೊಂಡರು. ಎಚ್-1ಬಿ ಅನ್ನೋ ಕೆಲಸದ ವೀಸಾದಲ್ಲಿ ಇರೋರಿಗಂತೂ ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಬೇರೆ ಕಂಪನಿ ಅರ್ಜಿ ಹಾಕಬೇಕು, ಇಲ್ಲವೇ ಬೇರೆ ವೀಸಾಕ್ಕೆ ನಾವೇ ಹಾಕಿಕೊಳ್ಳಬೇಕು, ಅದೂ ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ನಮ್ಮ ಟೀಮಿನಲ್ಲಿ ಮ್ಯಾನೇಜರನ್ನು ದಿನಾ ಬೈದುಕೊಳ್ಳುತ್ತಿದ್ದವನೊಬ್ಬ ಆಗ ತುಟಿ ಪಿಟಕ್ ಅನ್ನಲಿಲ್ಲ. ಸಂಬಳದ ಜೊತೆ ಕೊಡುವ ಷೇರೂ ನಾಲ್ಕು ವರ್ಷಕ್ಕೆ ಹಂಚಿಕೊಂಡು ಕೈಗೆ ಬರುತ್ತೆ. ಅದೂ ಒಂದು ಹಗ್ಗವೇ.

ಈಗ ಎಐ ಚಿಪ್‌ಗಳ ಭರಾಟೆ. ಚಿಪ್ ತಯಾರಿಕೆಯ ಕಾರ್ಖಾನೆಗೆ ಹೋಗುವ ಮೊದಲು ಡಿಸೈನಿನ ತಪ್ಪು ಹುಡುಕುವ ನನ್ನ ವೆರಿಫಿಕೇಶನ್ ಕೆಲಸಕ್ಕೆ ಕೇಳಿಕೊಂಡು ಬರುತ್ತಿದ್ದಾರೆ. ಹಳೇ ಕಂಪನಿಯಲ್ಲಿ ಪ್ರಾಜೆಕ್ಟೇ ನಿಂತುಹೋಗಿತ್ತು. ಸುಮ್ನೆ ಕೂತು ಏನು ಮಾಡಲಿ? ಹೊಸ ಕಂಪನಿಯವರು ವೀಸಾ ಅರ್ಜಿ ಹಾಕಿದ ಮೇಲೇ ರಾಜೀನಾಮೆ ಕೊಟ್ಟೆ, ಹೆದರಬೇಡಿ. ಗ್ರೀನ್ ಕಾರ್ಡಿನ ಕಾಗದಪತ್ರ ಮೊದಲಿಂದ ಮಾಡಿಸಬೇಕು, ಆದರೆ ಕ್ಯೂನಲ್ಲಿ ನನ್ನ ಹಳೇ ಜಾಗ ಹಾಗೇ ಉಳಿಯುತ್ತೆ.

ಒಂದೇ ಬೇಜಾರು, ಡಿಸೆಂಬರಿನಲ್ಲಿ ರಜೆ ಸಿಗೋದು ಕಷ್ಟ. ಹೊಸಬಳಲ್ವಾ. ಅಮ್ಮನಿಗೆ ನೀವೇ ಹೇಳಿಬಿಡಿ.

ನಿಮ್ಮ ಮಗಳು