ಫೋಟೊ ತೆಗೆಯುವವರಿಗೆ ರಕ್ತ ನಿಲ್ಲಿಸಲೂ ಕಲಿಸಿ

ಮಾನ್ಯರೇ,

ಯುದ್ಧ ಛಾಯಾಗ್ರಾಹಕ ಟಿಮ್ ಹೆದರಿಂಗ್ಟನ್ ಬಗ್ಗೆ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಲೈಬೀರಿಯಾದ ಬಂಡುಕೋರರ ಜತೆ ಅಲೆದದ್ದು, ಅಫ್ಗಾನಿಸ್ತಾನದ ಕೊರೆಂಗಲ್ ಕಣಿವೆಯಲ್ಲಿ ಸುಸ್ತಾಗಿ ಹಣೆಗೆ ಕೈಯೊತ್ತಿದ ಸೈನಿಕನ ಚಿತ್ರಕ್ಕೆ 2007ರ ವರ್ಲ್ಡ್ ಪ್ರೆಸ್ ಫೋಟೊ ಪ್ರಶಸ್ತಿ ಬಂದದ್ದು, ಪತ್ರಕರ್ತ ಸೆಬಾಸ್ಟಿಯನ್ ಯುಂಗರ್ ಜತೆ ಮಾಡಿದ ‘ರೆಸ್ಟ್ರೆಪೊ’ ಸಾಕ್ಷ್ಯಚಿತ್ರ ಆಸ್ಕರ್‌ಗೆ ನಾಮನಿರ್ದೇಶನಗೊಂಡದ್ದು, ಎಲ್ಲ ಇದೆ. ಮದುವೆ, ನಾಮಕರಣದ ಫೋಟೊ ತೆಗೆದೇ ಬದುಕು ಕಟ್ಟಿಕೊಂಡ ನನಗೆ ಅವರ ‘ಮಲಗಿದ ಸೈನಿಕರು’ ಸರಣಿಯೇ ದೊಡ್ಡದು. ಬಂದೂಕಿಲ್ಲ, ಹೆಲ್ಮೆಟ್ಟಿಲ್ಲ, ಅವ್ವ ಹೊದಿಸಿ ಹೋದ ಮಕ್ಕಳ ಹಾಗೆ ಬಿದ್ದುಕೊಂಡಿದ್ದಾರೆ. ಬೆಳಿಗ್ಗೆ ಹೋಗಿ ಸಂಜೆ ಬರುವವನಿಗೆ ಅಂಥ ಚಿತ್ರ ಸಿಗುವುದಿಲ್ಲ.

ಆದರೆ ಅವರ ಸಾವಿಗೆ ಒಂದೇ ಸಾಲು: 2011ರ ಏಪ್ರಿಲ್ 20, ಲಿಬಿಯಾದ ಮಿಸ್ರಾತಾ, ಷೆಲ್ ದಾಳಿ. ತೊಡೆಸಂದಿಗೆ ಚೂರು ಹೊಕ್ಕು, ಆಸ್ಪತ್ರೆಗೆ ಒಯ್ಯುವ ಪಿಕಪ್‌ನಲ್ಲೇ ರಕ್ತ ಹರಿದು ಹೋಯಿತು ಎಂಬುದನ್ನು ಬಿಟ್ಟಿದ್ದೀರಿ. ಜತೆಗಿದ್ದವರಿಗೆ ರಕ್ತ ತಡೆಯಲು ಬಂದಿದ್ದರೆ ಗೆಳೆಯ ಉಳಿಯುತ್ತಿದ್ದನೇನೋ ಎಂಬ ಕೊರಗಿನಲ್ಲೇ ಯುಂಗರ್ ಮುಂದೆ ‘ರಿಸ್ಕ್’ (RISC) ಎಂಬ ಸಂಸ್ಥೆ ಕಟ್ಟಿದರು. ಹಿಂದೆ ಯಾವ ಕಚೇರಿಯ ಬಲವೂ ಇಲ್ಲದ ಫ್ರೀಲಾನ್ಸ್ ಪತ್ರಕರ್ತರಿಗೆ ಪುಕ್ಕಟೆಯಾಗಿ ಪ್ರಥಮ ಚಿಕಿತ್ಸೆ ಕಲಿಸಲೆಂದೇ ಅದು ಹುಟ್ಟಿದ್ದು.

ನಮ್ಮಲ್ಲಿ ಯುದ್ಧವಿಲ್ಲ, ಸರಿ. ಆನೆ ಇದೆ, ಶಿರಾಡಿ ಘಾಟ್ ಇದೆ. ಎಂಟು ಬಾರಿ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್‌ನಲ್ಲಿ ಸತ್ತದ್ದು ಇಲ್ಲೇ ಸಕಲೇಶಪುರ ತಾಲ್ಲೂಕಿನ ಯಸಳೂರಿನ ಹತ್ತಿರ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ. ಈಗಲೂ ಆನೆ ಬಂತೆಂದರೆ ಫೋಟೊಗೆ ಇಷ್ಟು ಎಂದು ಕಾಸು ಪಡೆಯುವ ಹುಡುಗರು ಬೈಕ್ ಹತ್ತಿ ತೋಟಕ್ಕೆ ನುಗ್ಗುತ್ತಾರೆ. ಆನೆ ತುಳಿದರೆ ಯಾವ ಬ್ಯಾಂಡೇಜೂ ಕೆಲಸಕ್ಕೆ ಬಾರದು, ಗೊತ್ತು. ಓಡುವಾಗ ತಂತಿಬೇಲಿಗೆ ತೊಡೆ ಸಿಗಿದುಕೊಂಡವನ ಗಾಯವನ್ನು ಒತ್ತಿ ಹಿಡಿಯಬಹುದಲ್ಲ? ಘಾಟಿಯಲ್ಲಿ ಲಾರಿ ಮಗುಚಿದಾಗಲೂ ಎಷ್ಟೋ ಸಲ ಆಂಬುಲೆನ್ಸ್‌ಗಿಂತ ಮೊದಲು ಮುಟ್ಟುವವನು ಕ್ಯಾಮೆರಾದವನೇ.

ಪತ್ರಕರ್ತರ ಸಂಘದವರು ಹಾಸನದ ಹಿಮ್ಸ್ ವೈದ್ಯಕೀಯ ಕಾಲೇಜಿನ ವೈದ್ಯರನ್ನು ಕರೆಸಿ ತಾಲ್ಲೂಕಿಗೊಂದು ದಿನದ ತರಬೇತಿ ಮಾಡಿಸಲಿ. ಗುರುತಿನ ಚೀಟಿ ಇಲ್ಲದ ಹುಡುಗರನ್ನೂ ಸೇರಿಸಿಕೊಳ್ಳಲಿ, ಮುಂದೆ ನುಗ್ಗುವವರು ಅವರೇ. ಸಕಲೇಶಪುರದಲ್ಲಾದರೆ ನನ್ನ ಸ್ಟುಡಿಯೊದ ಮಹಡಿ ಖಾಲಿ ಇದೆ, ಬಾಡಿಗೆ ಬೇಡ.

– ಸ್ಟುಡಿಯೊ ಮಾಲೀಕ, ಸಕಲೇಶಪುರ